ಹೊಂಬಣ್ಣದ ಎಳೆಗಳಿಂದ ಹುಟ್ಟುಬಣ್ಣಕ್ಕೆ: ಕಾರವಾರದ ಒಂದು ಸಲೂನಿನ ಕೆಲಸ

ಹಲವು ವರ್ಷ ಹೈಲೈಟ್ಸ್, ಅಂದರೆ ಅಲ್ಲಲ್ಲಿ ಎಳೆಗಳನ್ನು ಬ್ಲೀಚಿನಿಂದ ತಿಳಿಯಾಗಿಸುವ ಕೆಲಸ, ಮಾಡಿಸಿಕೊಂಡ ಕೂದಲನ್ನು ಮರಳಿ ಹುಟ್ಟುಬಣ್ಣಕ್ಕೆ ತರುವ ಕೆಲಸ ಕಾರವಾರದಲ್ಲಿ ಆಗುತ್ತದೆಯೇ, ಇಲ್ಲವೇ ಅದಕ್ಕಾಗಿ ಮಡಗಾಂವಿಗೋ ಹುಬ್ಬಳ್ಳಿಗೋ ಹೋಗಲೇಬೇಕೇ ಎಂದು ಪರಿಚಯದವರು ಕೇಳುತ್ತಿರುತ್ತಾರೆ. ಇಲ್ಲಿಯೇ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ, ಆದರೆ ಒಂದೇ ದಿನದಲ್ಲಿ ಆಗುವುದಿಲ್ಲ. ಗ್ರೀನ್ ಸ್ಟ್ರೀಟಿನ ಆಸುಪಾಸಿನಲ್ಲಿ, ಮಹಡಿಯ ಮೇಲಿರುವ ಒಂದು ಚಿಕ್ಕ ಸಲೂನಿನಲ್ಲಿ ನಾನು ಮಾಡಿಸಿಕೊಂಡ ಕೆಲಸದ ಕುರಿತು ಇದನ್ನು ಬರೆಯುತ್ತಿದ್ದೇನೆ. ಮದುವೆಯ ದಿನಗಳಲ್ಲಿ ಈಗಿರುವ ಗಿರಾಕಿಗಳನ್ನೇ ಸುಧಾರಿಸುವುದು ಕಷ್ಟವಾಗಿದೆ, ಹೆಸರು ಬರೆಯುವುದು ಬೇಡ ಎಂದು ಒಡತಿಯೇ ಹೇಳಿದ್ದರಿಂದ ಅಂಗಡಿಯ ಹೆಸರನ್ನು ಬಿಟ್ಟಿದ್ದೇನೆ.

ನನ್ನ ಕೂದಲು ಕಡುಗಪ್ಪಲ್ಲ. ನಮ್ಮ ಮನೆಯ ಹೆಂಗಸರೆಲ್ಲರದೂ ನೆರಳಿನಲ್ಲಿ ಕಪ್ಪೆನಿಸಿ, ಬಿಸಿಲಿಗೆ ಬಂದೊಡನೆ ಕಂದು ಎಂದು ಗೊತ್ತಾಗುವ ಕೂದಲು. ಸಲೂನಿನವರ ಅಳತೆಯಲ್ಲಿ 1 ಎಂದರೆ ಕಪ್ಪು, 10 ಎಂದರೆ ಅತಿ ತಿಳಿಯಾದ ಹೊಂಬಣ್ಣ. ಆ ಲೆಕ್ಕದಲ್ಲಿ ನನ್ನದು 3 ಮತ್ತು 4ರ ನಡುವೆ ಬರುತ್ತದೆ. ಗೋವೆಯಲ್ಲಿ ಕೆಲಸದಲ್ಲಿದ್ದಾಗ ಹಿಡಿದ ಹೈಲೈಟ್ಸಿನ ಅಭ್ಯಾಸ ಊರಿಗೆ ಮರಳಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಮುಂದುವರಿದಿತ್ತು, ಮತ್ತು ಆ ಎಳೆಗಳು 8 ಅಥವಾ 9ರ ಮಟ್ಟಕ್ಕೆ ಏರಿದ್ದವು. ಬೈತಲೆಯ ಎರಡೂ ಬದಿಗೆ ಕಂದು ಬುಡ ಇಣುಕಿದಾಗಲೆಲ್ಲ ಮತ್ತೆ ಎಳೆಗಳನ್ನು ಸುತ್ತುವ ಫಾಯಿಲ್, ಮತ್ತೆ ಬ್ಲೀಚ್, ಮತ್ತೆ ಛಾಯೆ ತಿದ್ದುವ ಟೋನರ್ ಎಂಬ ಸರಣಿಗೆ ಬೇಸತ್ತು ಇದನ್ನು ನಿಲ್ಲಿಸಲು ತೀರ್ಮಾನಿಸಿದೆ. ಹೊಂಬಣ್ಣ ನನಗೆ ಒಪ್ಪುತ್ತಿರಲಿಲ್ಲ ಎಂದೇನೂ ಅಲ್ಲ. ಒಪ್ಪುತ್ತಿತ್ತು, ಖರ್ಚು ಮಾತ್ರ ಒಪ್ಪುತ್ತಿರಲಿಲ್ಲ.

ಮೊದಲು ವಿಚಾರಿಸಿದ ದೊಡ್ಡ ಊರಿನ ಸಲೂನಿನವರು ತಲೆಯನ್ನು ಸರಿಯಾಗಿ ನೋಡುವ ಮೊದಲೇ, ಇಡೀ ಕೂದಲಿಗೆ ಒಂದೇ ಗಾಢ ಬಣ್ಣದ ‘ಗ್ಲೋಬಲ್ ಕಲರ್’ ಹಚ್ಚಿ ಸಂಜೆಯೊಳಗೆ ಮುಗಿಸಿಕೊಡುವುದಾಗಿ ಹೇಳಿದ್ದರು. ಕೇಳಲು ಇದು ಸರಳವಾಗಿದೆ, ಆದರೆ ಬ್ಲೀಚ್ ಮಾಡಿದ ಕೂದಲಿನ ಸ್ವಭಾವಕ್ಕೆ ಇದು ಹೊಂದುವುದಿಲ್ಲ. ಬ್ಲೀಚ್ ಪುಡಿಯಲ್ಲಿರುವ ಪರ್ಸಲ್ಫೇಟ್ ಲವಣಗಳೂ ಹೈಡ್ರೋಜನ್ ಪೆರಾಕ್ಸೈಡೂ ಸೇರಿ ಕೂದಲಿನ ಒಳಪದರದಲ್ಲಿದ್ದು ಅದಕ್ಕೆ ಬಣ್ಣ ಕೊಡುವ ಮೆಲನಿನ್ನನ್ನು ಒಡೆಯುತ್ತವೆ. ಗಾಢವಾದ ಕೂದಲು ತಿಳಿಯಾಗುತ್ತ ಹೋದಂತೆ ಮೊದಲು ಕೆಂಪು, ಬಳಿಕ ಕಿತ್ತಳೆ, ಕಡೆಗೆ ಹಳದಿ ಬಣ್ಣ ತೋರುತ್ತದೆ. ನನ್ನ ಎಳೆಗಳು ಹಳದಿಯ ಹಂತವನ್ನು ಎಂದೋ ಮುಟ್ಟಿದ್ದವು. ಅಂಥ ಕೂದಲಿನ ಮೇಲೆ ನೇರವಾಗಿ ಕಂದು ಬಣ್ಣ ಹಚ್ಚಿದರೆ, ಕಂದಿಗೆ ಬೇಕಾದ ಕೆಂಪು ಮತ್ತು ಕಿತ್ತಳೆಯ ತಳಹದಿಯೇ ಇಲ್ಲದ್ದರಿಂದ ಬಣ್ಣ ಮಂಕಾಗುತ್ತದೆ. ಬೂದುಛಾಯೆಯ ಕಂದಾದರೆ ಹಸಿರು ಹೊಡೆಯುವುದೂ ಉಂಟು.

ಕಾರವಾರದ ಒಡತಿ ಮಾಡಿದ ಮೊದಲ ಕೆಲಸವೆಂದರೆ ಟ್ಯೂಬ್‌ಲೈಟ್ ಆರಿಸಿ ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿದ್ದು. ಬಾಚಣಿಗೆಯ ಬಾಲದಿಂದ ಪದರ ಪದರವಾಗಿ ಕೂದಲನ್ನು ಎತ್ತಿ, ಎಲ್ಲಿಯವರೆಗೆ ಹುಟ್ಟುಬಣ್ಣ, ಎಲ್ಲಿಂದ ಹೊಸ ಬ್ಲೀಚ್, ಎಲ್ಲಿ ಬ್ಲೀಚಿನ ಮೇಲೆ ಬ್ಲೀಚ್ ಬಿದ್ದಿದೆ ಎಂಬುದನ್ನು ಬೆರಳಿನಿಂದ ತೋರಿಸುತ್ತ ಹೋದರು. ಬಳಿಕ ಒಂದು ಎಳೆಯನ್ನು ಒದ್ದೆ ಮಾಡಿ ಎರಡು ಬೆರಳುಗಳ ನಡುವೆ ಮೆಲ್ಲಗೆ ಜಗ್ಗಿದರು. ಬುಡದ ಭಾಗ ಸ್ವಲ್ಪ ಹಿಗ್ಗಿ ತನ್ನ ಅಳತೆಗೆ ಮರಳಿತು; ತುದಿಯ ಭಾಗ ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿದು ಪಟ್ಟನೆ ತುಂಡಾಯಿತು. ‘ಅಕ್ಕೋರೇ, ಈ ನಾಲ್ಕು ಬೆರಳಷ್ಟು ಕತ್ತರಿಗೆ ಹೋಗಬೇಕು. ಬುಡಕ್ಕೆ ಮಾತ್ರ ನಾನು ಕೈ ಹಚ್ಚುವುದಿಲ್ಲ, ಅದು ನಿಮ್ಮದೇ ಬಣ್ಣ, ಬೆಳೆಯಲಿ’ ಎಂದರು. ಈ ಸಲೂನಿನ ಬಗ್ಗೆ ನನಗೆ ಭರವಸೆ ಮೂಡಿದ್ದು ಈ ಮಾತಿನಿಂದಲೇ. ಹುಟ್ಟುಬಣ್ಣಕ್ಕೆ ಹೊಂದಿಸುವ ನೆಪದಲ್ಲಿ ಬುಡಕ್ಕೂ 20 ವಾಲ್ಯೂಮ್ ಬಲದ ಡೆವಲಪರ್, ಅಂದರೆ ಪೆರಾಕ್ಸೈಡ್ ದ್ರವ, ಬೆರೆಸಿದ ಶಾಶ್ವತ ಬಣ್ಣ ಹಚ್ಚಿದರೆ, ಅದರಲ್ಲಿರುವ 6 ಶೇಕಡಾ ಪೆರಾಕ್ಸೈಡ್ ಒಳ್ಳೆಯ ಕೂದಲನ್ನೂ ತುಸು ತಿಳಿಗೊಳಿಸಿ ಕೆಂಪು ತರಿಸುತ್ತದೆ, ಮತ್ತು ಬಿಟ್ಟುಬಿಡಬೇಕೆಂದಿದ್ದ ರೂಟ್ ಟಚಪ್ಪಿನ, ಅಂದರೆ ಬುಡ ಬೆಳೆದಾಗಲೆಲ್ಲ ಬಣ್ಣ ಹಚ್ಚಿಸುವ, ಕಾಟ ಬೇರೆ ಹೆಸರಿನಲ್ಲಿ ಮರಳಿ ಬರುತ್ತದೆ.

ಅವರ ಮುಂದಿನ ಪ್ರಶ್ನೆ ನೀರಿನದು. ಮನೆಯಲ್ಲಿ ಬಾವಿಯ ನೀರೇ, ಬಕೆಟ್ಟಿನ ತಳದಲ್ಲಿ ಕೆಂಪು ಕಲೆ ಕೂರುತ್ತದೆಯೇ, ಬಚ್ಚಲಿನಲ್ಲಿ ತಾಮ್ರದ ಹಂಡೆ ಇದೆಯೇ ಎಂದು ಒಂದಾದ ಮೇಲೊಂದು ಕೇಳಿದರು. ಕೂದಲಿನ ಸಲೂನಿನಲ್ಲಿ ಹಂಡೆಯ ವಿಚಾರಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಆದರೆ ಕಾರಣವಿದೆ: ತಿಳಿಬಣ್ಣದ ಕೂದಲು ಹಸಿರಾಗುವುದು ಹೆಚ್ಚಾಗಿ ನೀರಿನಲ್ಲಿರುವ ತಾಮ್ರದ ಅಂಶದಿಂದ, ಮತ್ತು ಕರಾವಳಿಯ ಕೆಂಪು ಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶವಿರುವುದು ಹೊಸ ಸಂಗತಿಯಲ್ಲ. ಬ್ಲೀಚಿನಿಂದ ರಂಧ್ರಮಯವಾದ ಕೂದಲು ಇವೆರಡನ್ನೂ ಹೀರಿಕೊಳ್ಳುತ್ತದೆ, ಮೇಲೆ ಹಚ್ಚುವ ಬಣ್ಣದ ಪೆರಾಕ್ಸೈಡ್ ಈ ಲೋಹಗಳ ಸಂಪರ್ಕಕ್ಕೆ ಬಂದರೆ ಬೇಗ ಒಡೆಯುತ್ತದೆ. ಆದ್ದರಿಂದ ಬಣ್ಣಕ್ಕೆ ಮೊದಲು ಲೋಹದ ಅಂಶವನ್ನು ತೆಗೆಯುವ, ಇಡಿಟಿಎ ಬೆರೆತ ಶಾಂಪೂವಿನಿಂದ ತಲೆ ತೊಳೆದರು. ನಾನು ನೋಡಿದ ಬೇರಾವ ಸಲೂನಿನಲ್ಲಿಯೂ ಈ ಹಂತ ಇರಲಿಲ್ಲ.

ಮುಖ್ಯ ಕೆಲಸ ಎರಡು ಪದರಗಳಲ್ಲಿ ನಡೆಯಿತು. ಮೊದಲನೆಯದನ್ನು ಅವರು ‘ಫಿಲ್ಲರ್’ ಎನ್ನುತ್ತಾರೆ: ಬ್ಲೀಚ್ ಕಿತ್ತು ಹಾಕಿದ ಕೆಂಪು ಮತ್ತು ಕಿತ್ತಳೆ ಛಾಯೆಗಳನ್ನು ಮೊದಲು ಕೂದಲಿಗೆ ಮರಳಿ ಕೊಡುವುದು. ತಾಮ್ರ ಮತ್ತು ಚಿನ್ನದ ಛಾಯೆಗಳ, ಅರೆಶಾಶ್ವತವಾದ ಡೆಮಿ ಪರ್ಮನೆಂಟ್ ಬಣ್ಣವನ್ನು ಕಡಿಮೆ ಬಲದ ಡೆವಲಪರಿನಲ್ಲಿ ಕಲಸಿ, ಹೊಂಬಣ್ಣದ ಎಳೆಗಳಿಗೆ ಮಾತ್ರ, ಸಣ್ಣ ಬ್ರಷ್ಷಿನಿಂದ, ಪಕ್ಕದ ಕಂದು ಕೂದಲಿಗೆ ತಾಗದಂತೆ ಹಚ್ಚುತ್ತ ಹೋದರು. ಒರೆಸಿ ನೋಡಿದಾಗ ಕನ್ನಡಿಯಲ್ಲಿದ್ದ ಎಳೆಗಳು ಥೇಟ್ ಹಣ್ಣಡಿಕೆಯ ಬಣ್ಣದವು. ಇದನ್ನು ಮೊದಲೇ ತಿಳಿಸದಿದ್ದರೆ ಯಾರಿಗಾದರೂ ಎದೆ ಧಸಕ್ಕೆನ್ನುವ ದೃಶ್ಯ ಅದು. ಪಕ್ಕದ ಕುರ್ಚಿಯಲ್ಲಿ ಹುಬ್ಬು ತೀಡಿಸಿಕೊಳ್ಳುತ್ತಿದ್ದ ಹುಡುಗಿಯಂತೂ ನನ್ನತ್ತ ಮರುಕದಿಂದ ನೋಡಿದಳು. ಎರಡನೆಯ ಪದರವಾಗಿ ಅದರ ಮೇಲೆ 5ರ ಮಟ್ಟದ ಸಾದಾ ಕಂದು ಬಂತು. ನನ್ನದು 4ರ ಆಚೀಚೆ ಇರುವಾಗ 5 ಏಕೆ ಎಂದು ಕೇಳಿದ್ದಕ್ಕೆ, ರಂಧ್ರಮಯ ಕೂದಲು ಬಣ್ಣವನ್ನು ಅಗತ್ಯಕ್ಕಿಂತ ಗಾಢವಾಗಿ ಹಿಡಿಯುತ್ತದೆ, ಗಾಢವಾದದ್ದನ್ನು ತಿಳಿಯಾಗಿಸಲು ಮತ್ತೆ ಬ್ಲೀಚೇ ಬೇಕಾಗುತ್ತದೆ, ತಿಳಿಯಾಗಿ ಉಳಿದದ್ದನ್ನು ಗಾಢವಾಗಿಸುವುದು ಸುಲಭ ಎಂದರು. ತುದಿಯ ಕೆಲವು ಎಳೆಗಳನ್ನು ಬೇಕೆಂದೇ ಒಂದು ಮಟ್ಟ ತಿಳಿಯಾಗಿ ಬಿಟ್ಟರು. ಎಲ್ಲವೂ ಒಂದೇ ಬಣ್ಣವಾದರೆ ಟೋಪನ್ ಹಾಕಿದಂತೆ ಕಾಣುತ್ತದೆ ಎಂಬುದು ಅವರ ವಾದ, ಮತ್ತು ಫಲಿತಾಂಶ ನೋಡಿದ ಮೇಲೆ ನನಗೂ ಅದು ಸರಿ ಎನಿಸಿತು. ಮೆಟ್ಟಿಲಿಳಿದು ಬಿಸಿಲಿನಲ್ಲಿ ನಿಂತು ನೋಡಿದಾಗ, ಬುಡದ ಕಂದು ಎಲ್ಲಿ ಮುಗಿದು ಹಚ್ಚಿದ ಕಂದು ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಕಾಣಲಿಲ್ಲ. ಈ ಬಗೆಯ ಕೆಲಸದ ಗುಣವನ್ನು ಅಳೆಯಬೇಕಾದದ್ದು ಆ ಗೆರೆಯಿಂದಲೇ.

ಮೆಹೆಂದಿ ಮತ್ತು ನೀಲಿ ಸೊಪ್ಪಿನ ಪುಡಿಯಿಂದಲೇ ಇದನ್ನು ಮನೆಯಲ್ಲಿ ಮಾಡಿಕೊಳ್ಳಬಹುದಿತ್ತಲ್ಲ ಎಂದು ಶಿರಸಿಯ ನಮ್ಮ ಚಿಕ್ಕಮ್ಮ ಕೇಳಿದ್ದರು. ಬ್ಲೀಚ್ ಕಾಣದ ಕೂದಲಿಗೆ ಅದು ಒಳ್ಳೆಯ ದಾರಿ; ಮೆಹೆಂದಿಯ ಕೆಂಪಿನ ಮೇಲೆ ನೀಲಿ ಕೂತು ಕಂದು ಬಣ್ಣ ಬರುತ್ತದೆ. ಆದರೆ ಹಳದಿಗೆ ತಿರುಗಿದ ಎಳೆಗಳ ಮೇಲೆ ಮೆಹೆಂದಿ ಉರಿಗೆಂಪಾಗಿ ಹಿಡಿಯುತ್ತದೆ, ನೀಲಿಯ ಪ್ರಮಾಣ ತುಸು ಹೆಚ್ಚಾದರೆ ಹಸಿರು ಮಿಂಚುತ್ತದೆ, ಮತ್ತು ಮೆಹೆಂದಿಯ ಬಣ್ಣವನ್ನು ಕೂದಲಿನಿಂದ ಬಿಡಿಸುವುದು ಬಹಳ ಕಷ್ಟ. ‘ಕಪ್ಪು ಮೆಹೆಂದಿ’ ಎಂದು ಮಾರಾಟವಾಗುವ ಪೊಟ್ಟಣಗಳ ವಿಷಯವೇ ಬೇರೆ. ಅವುಗಳಲ್ಲಿ ಹಲವದರಲ್ಲಿ ಪಿಪಿಡಿ ಎಂಬ ರಾಸಾಯನಿಕ ಬಣ್ಣವಿರುತ್ತದೆ, ಕೆಲವರ ಚರ್ಮಕ್ಕೆ ಅದು ತೀವ್ರ ಅಲರ್ಜಿ ತರುತ್ತದೆ. ಹಿಂದೆ ಇವುಗಳಲ್ಲಿ ಯಾವುದನ್ನಾದರೂ ಹಚ್ಚಿದ್ದರೆ ಸಲೂನಿನಲ್ಲಿ ಮುಚ್ಚಿಡದೆ ಹೇಳಬೇಕು.

ಇನ್ನು ಬಾಳಿಕೆಯ ಮಾತು. ಡೆಮಿ ಪರ್ಮನೆಂಟ್ ಬಣ್ಣ ಕ್ರಮೇಣ ತೊಳೆದು ಹೋಗುವಂಥದ್ದು, ಬ್ಲೀಚಾದ ಕೂದಲಿನಿಂದ ಇನ್ನೂ ಬೇಗ ಹೋಗುತ್ತದೆ. ಮೊದಲ ಕೆಲವು ವಾರ ಕೂದಲು ಹೇಳಿದ ಮಾತು ಕೇಳಿತು; ಬಳಿಕ ಮುಖದ ಅಕ್ಕಪಕ್ಕದ ಎಳೆಗಳಲ್ಲಿ ತಾಮ್ರದ ಛಾಯೆ ಮೇಲೆದ್ದಿತು. ದೀಪಾವಳಿಯ ಎಣ್ಣೆಸ್ನಾನದಲ್ಲಿ ಸೀಗೆಪುಡಿ ಹಾಕಿ ತಿಕ್ಕಿ, ಹಂಡೆಯ ಸುಡುನೀರು ಹೊಯ್ದುಕೊಂಡ ಮೇಲಂತೂ ಬಚ್ಚಲಿನ ಕಲ್ಲಿನ ಮೇಲೆ ಹರಿದ ನೀರು ಕಂದಾಗಿತ್ತು. ಎರಡನೆಯ ಸಲ ಅದೇ ಕಂದನ್ನು ತೆಳ್ಳಗೆ ಹಚ್ಚಿದ ಬಳಿಕ ಬಣ್ಣ ಹೆಚ್ಚು ಕಾಲ ನಿಂತಿದೆ. ತೆಂಗಿನೆಣ್ಣೆಗೆ ಒಡತಿಯ ಅಡ್ಡಿಯಿಲ್ಲ, ಬಣ್ಣ ಹಚ್ಚಿಸುವ ದಿನ ಮಾತ್ರ ಎಣ್ಣೆತಲೆಯಲ್ಲಿ ಬರಬಾರದು ಎನ್ನುತ್ತಾರೆ. ಕೂದಲಿನ ಪ್ರೋಟೀನು ಸೋರಿಹೋಗುವುದನ್ನು ತೆಂಗಿನೆಣ್ಣೆ ತಗ್ಗಿಸುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತ್ತು; ಬ್ಲೀಚಾದ ಕೂದಲನ್ನೂ ಅದರಲ್ಲಿ ಪರೀಕ್ಷಿಸಿದ್ದರು. ಆದ್ದರಿಂದ ತಲೆಸ್ನಾನದ ಹಿಂದಿನ ರಾತ್ರಿ ತುದಿಗಳಿಗೆ ಎಣ್ಣೆ ಹಚ್ಚುವುದನ್ನು ನಾನು ಬಿಟ್ಟಿಲ್ಲ.

ಕೊರತೆಗಳೂ ಇವೆ. ಮೊದಲ ದಿನದ ಬಿಲ್ಲು 6,500 ರೂಪಾಯಿ ಆಯಿತು. ಕೆಲಸಕ್ಕೆ ತಕ್ಕ ಬೆಲೆಯೇ. ಆದರೆ ಬಣ್ಣ ಮಾಸುತ್ತದೆ, ಮತ್ತೆ ಬರಬೇಕಾಗುತ್ತದೆ, ಆಗ ಇನ್ನೂ 2,000 ರೂಪಾಯಿ ಆಗುತ್ತದೆ ಎಂಬುದನ್ನು ಬಿಲ್ಲು ಕೊಟ್ಟ ಮೇಲೆ ಹೇಳಿದ್ದು ಸರಿಯಲ್ಲ. ಗೊತ್ತಿದ್ದ ಸಂಗತಿಯನ್ನು ಮೊದಲೇ ಒಟ್ಟಿಗೆ ಹೇಳಬೇಕಿತ್ತು. ಬಣ್ಣದ ಕೆಲಸಕ್ಕೆ ಇರುವುದು ಒಂದೇ ಕುರ್ಚಿ. ಮದುಮಗಳ ಕಡೆಯವರು ಬಂದರೆ ಉಳಿದವರ ಹೊತ್ತು ಹಿಂದಕ್ಕೆ ಸರಿಯುತ್ತದೆ, ಎಪ್ರಿಲ್ ಮತ್ತು ಮೇ ತಿಂಗಳಲ್ಲಿ ಕೊಟ್ಟ ಸಮಯಕ್ಕೆ ಅರ್ಥವಿಲ್ಲ. ತಲೆ ತೊಳೆಯುವ ಬೇಸಿನ್ನಿನ ಅಂಚು ಕತ್ತಿಗೆ ಒತ್ತುತ್ತದೆ, ಮಡಚಿದ ಟವಲು ಕೇಳಿ ಪಡೆಯಬೇಕು. ಶಾಂಪೂ ಬಾಟಲಿ ಕೊಳ್ಳುವಂತೆ ಸಹಾಯಕಿಯ ಒತ್ತಾಯ ಸ್ವಲ್ಪ ಹೆಚ್ಚು; ಸಲ್ಫೇಟ್ ಇಲ್ಲದ ಶಾಂಪೂ ಪೇಟೆಯಲ್ಲಿ ಅದಕ್ಕಿಂತ ಅಗ್ಗಕ್ಕೆ ಸಿಗುತ್ತದೆ.

ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೆಗಲು ದಾಟಿದ ಕೂದಲಿನಲ್ಲಿ ಬ್ಲೀಚಿನ ಭಾಗವೆಲ್ಲ ಕತ್ತರಿಗೆ ಹೋಗುವವರೆಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ಕಾಲ ಎರಡು ಬಣ್ಣದ ತಲೆಯಲ್ಲಿ ತಿರುಗಾಡಲು ಮುಜುಗರಪಡದವರಿಗೆ ಈ ಖರ್ಚಿನ ಅಗತ್ಯವೇ ಇಲ್ಲ, ಕತ್ತರಿ ಸಾಕು. ಕೂದಲನ್ನು ಗಿಡ್ಡ ಮಾಡಿಸಲು ಒಪ್ಪುವವರಿಗೂ ಇದೇ ಮಾತು. ನನ್ನಂತೆ ಉದ್ದವನ್ನು ಉಳಿಸಿಕೊಂಡು, ಬುಡ ಬೆಳೆದು ಬರುವವರೆಗೆ ನೋಡುವಂತಿರಬೇಕು ಎನ್ನುವವರು ಇಲ್ಲಿಗೆ ಹೋಗಬಹುದು. ಹೋಗುವವರು ಫೋನಿನಲ್ಲಿ ಸಮಯ ಕೇಳಿ ನೇರವಾಗಿ ಕುರ್ಚಿಯಲ್ಲಿ ಕೂರಲಾಗುವುದಿಲ್ಲ. 48 ಗಂಟೆ ಮೊದಲು ಬಂದು ಕಿವಿಯ ಹಿಂದೆ ಪ್ಯಾಚ್ ಟೆಸ್ಟ್, ಅಂದರೆ ಬಣ್ಣಕ್ಕೆ ಅಲರ್ಜಿ ಇದೆಯೇ ಎಂಬ ಪರೀಕ್ಷೆ, ಮಾಡಿಸಿಕೊಳ್ಳದಿದ್ದರೆ ಒಡತಿ ಬಣ್ಣದ ಬಟ್ಟಲನ್ನೇ ಮುಟ್ಟುವುದಿಲ್ಲ, ಇದರಲ್ಲಿ ಪರಿಚಯದವರಿಗೂ ವಿನಾಯಿತಿಯಿಲ್ಲ. ಆದ್ದರಿಂದ ಅಂಕೋಲಾ, ಕುಮಟಾ ಕಡೆಯಿಂದ ಬರುವವರು ಎರಡು ಸಲ ಬಸ್ಸು ಹತ್ತುವ ಲೆಕ್ಕ ಇಟ್ಟುಕೊಳ್ಳಬೇಕು.