ಏಳು ದಿನದ ಮಾತ್ರೆ ಡಬ್ಬಿ: ಕೊಡಗಿನ ಮಳೆಗಾಲಕ್ಕೆ ಸರಿಯಾ?

ಗೋಣಿಕೊಪ್ಪದ ಮೆಡಿಕಲ್‌ನಲ್ಲಿ 150 ರೂಪಾಯಿಗೆ ತಂದ ಪ್ಲಾಸ್ಟಿಕ್ ಡಬ್ಬಿ ಇದು. ದಿನಕ್ಕೊಂದು ಸಾಲು, ಸಾಲಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಖಾನೆ. ತಂದಿದ್ದು ಅಣ್ಣನಿಗೆ. ಅವನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ. ಇಂಥ ಕಾಯಿಲೆಯವರು ಮನೆಯಲ್ಲಿದ್ದರೆ ಖಂಡಿತ ತಗೊಳ್ಳಿ.

ಈ ಕಾಯಿಲೆಯಲ್ಲಿ ಕಿವಿಗೆ ಇಲ್ಲದ ದನಿ ಕೇಳಿಸುತ್ತದೆ ಅನ್ನೋದು ತುಂಬಾ ಜನಕ್ಕೆ ಗೊತ್ತು. ವರ್ಕಿಂಗ್ ಮೆಮೊರಿಯೂ ಸೋಲುತ್ತದೆ ಅನ್ನೋದು ಗೊತ್ತಿಲ್ಲ. ಹಿಡಿದ ಕೆಲಸ ಮುಗಿಯುವ ತನಕ ಅದನ್ನು ತಲೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಅದು. ಸೋಹೀ ಪಾರ್ಕ್, ಫಿಲಿಪ್ ಹೋಲ್ಜ್‌ಮನ್ ಎಂಬ ಸಂಶೋಧಕರು 1992ರಲ್ಲೇ ತೋರಿಸಿದ್ದರು: ಒಂದು ಗುರುತು ತೋರಿಸಿ, ಅದು ಎಲ್ಲಿತ್ತು ಎಂದು ಕೆಲವು ಸೆಕೆಂಡ್ ಬಿಟ್ಟು ಕೇಳಿದರೆ ಈ ಕಾಯಿಲೆಯವರು ಬೇರೆಯವರಿಗಿಂತ ಜಾಸ್ತಿ ತಪ್ಪುತ್ತಾರೆ. ಮಾತ್ರೆಗೆ ದನಿ ತಗ್ಗಿದಷ್ಟು ಈ ತೊಂದರೆ ತಗ್ಗುವುದಿಲ್ಲ. ಮಾತ್ರೆಗೆಂದು ಒಳಗೆ ಹೋದ ಅಣ್ಣ ನೀರಿನ ಲೋಟ ಹಿಡಿದು ಸುಮ್ನೆ ನಿಂತಿರುತ್ತಾನೆ. ಸೋಮಾರಿತನ ಅಲ್ಲ ಅದು.

"ಮಾತ್ರೆ ನುಂಗಿದ್ಯಾ ಇಲ್ವಾ?" ಎಂದು ಅಮ್ಮ ದಿನಾ ದನಿ ಏರಿಸುತ್ತಿದ್ದರು. ಅವನ ಮುಖದಲ್ಲಿ ಏನೂ ಕಾಣುವುದಿಲ್ಲ, ಅವನಿಗೆ ಯಾವುದೂ ನಾಟುವುದಿಲ್ಲ ಅಂತ ನೆಂಟರು ಹೇಳುತ್ತಾರೆ. ಸುಳ್ಳು. ಆನ್ ಕ್ರಿಂಗ್, ಜಾನ್ ನೀಲ್ ಎಂಬ ಸಂಶೋಧಕರು 1996ರ ಅಧ್ಯಯನದಲ್ಲಿ ಸಿನಿಮಾ ತುಣುಕು ತೋರಿಸಿ ನೋಡಿದರು. ಈ ಕಾಯಿಲೆಯವರ ಮುಖ ಹೆಚ್ಚು ಬದಲಾಗಲಿಲ್ಲ, ಆದರೆ ಒಳಗೆ ಆದದ್ದನ್ನು ಬೇರೆಯವರಷ್ಟೇ ಹೇಳಿಕೊಂಡರು. ಗದರಿಸಿದರೆ ಅಣ್ಣನಿಗೆ ನೆನಪಿದ್ದ ಚೂರೂ ಜಾರುತ್ತದೆ. ನುಂಗಿದ್ದನ್ನೇ ಮತ್ತೆ ನುಂಗಲು ಹೊರಡುತ್ತಾನೆ. ಈಗ ಕೇಳುವುದೇ ಬೇಡ, ಖಾನೆ ನೋಡಿದರೆ ಸಾಕು. ಭಾನುವಾರ ಕಾಫಿ ಕುಡಿದು ಅವನೇ ಡಬ್ಬಿ ತುಂಬುತ್ತಾನೆ, ನಾನು ಪಕ್ಕದಲ್ಲಿ ಕೂತಿರುತ್ತೇನೆ. ಮನೆಯಲ್ಲಿ ಜಗಳ ನಿಂತಿದೆ. ಕೊಟ್ಟ ದುಡ್ಡು ಅದಕ್ಕೇ ಸಂದಿತು.

ಕೊರತೆಗಳೂ ಇವೆ. ಮುಚ್ಚಳ ಬಿಗಿ ಇಲ್ಲ. ಜೂನ್ ಬಂತೆಂದರೆ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಬಾಯಲ್ಲಿ ಕರಗುವ ಜಾತಿಯ ಮಾತ್ರೆ ಉಳಿಯುತ್ತದಾ? ಬಿಡಿಸಿ ಇಡಬೇಡಿ. ಸ್ಟ್ರಿಪ್ಪನ್ನೇ ಕತ್ತರಿಯಿಂದ ತುಂಡು ಮಾಡಿ ಹಾಕಿ. ಅದಕ್ಕೆ ದೊಡ್ಡ ಖಾನೆಯದೇ ಬೇಕು, ಚಿಕ್ಕದರಲ್ಲಿ ಕೂರುವುದಿಲ್ಲ. ದಿನಗಳು ಇಂಗ್ಲಿಷ್ ಅಕ್ಷರದಲ್ಲಿವೆ, ಎಸ್ ಎರಡು, ಟಿ ಎರಡು. ಕನ್ನಡದಲ್ಲಿ ಪೂರ್ತಿ ಬರೆದು ಅಂಟಿಸಿದೆವು. ಮಧ್ಯಾಹ್ನ ಮಾತ್ರೆ ಇಲ್ಲದಿದ್ದರೆ ಆ ಖಾನೆಗಳಿಗೆ ಟೇಪ್ ಹಾಕಿ. ಖಾಲಿ ಖಾನೆ ಕಂಡರೆ ಅಣ್ಣ ಗಲಿಬಿಲಿಗೊಳ್ಳುತ್ತಾನೆ.

ಒಂದು ಹೊತ್ತಿನದು ಉಳಿದಿದ್ದರೆ ಎರಡನ್ನೂ ಒಟ್ಟಿಗೆ ಕೊಡಬೇಡಿ, ಡಾಕ್ಟರನ್ನು ಕೇಳಿ. ಮನೆಯವರಿಗೇ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ, ರಾತ್ರಿಯೂ ಇರುತ್ತದೆ.