ಶೆವರ್ನಿಗೆ ಹೋಗೋದಾ, ಬ್ರಿಸಾಕ್‌ಗಾ?

ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ಒಂದೇ ಅರಮನೆ ನೋಡುವಷ್ಟು ಹೊತ್ತಿದೆಯಾ? ಇವತ್ತಿಗೂ ಹಳೇ ಮನೆತನಗಳ ಕೈಯಲ್ಲೇ ಇರುವ ಈ ಎರಡರಲ್ಲಿ ಒಂದನ್ನು ಆರಿಸಿ.

ಬ್ಲ್ವಾ ಊರಿನ ಹತ್ತಿರದ ಶೆವರ್ನಿ ಯುರೋ ಮನೆತನದ್ದು. ಕಟ್ಟಿದ್ದು 1620ರ ದಶಕದಲ್ಲಿ. ಎಡ ಬಲ ಎರಡೂ ಒಂದೇ ಅಳತೆ, ಗೋಡೆಯ ಗೂಡುಗಳಲ್ಲಿ ರೋಮನ್ ಚಕ್ರವರ್ತಿಗಳ ತಲೆಗಳು. ಇದಕ್ಕೆ ಬಳಸಿದ, ಬುರೆ ಎಂಬ ಊರಿನ ಕಲ್ಲು ಹಳತಾದಷ್ಟೂ ಬೆಳ್ಳಗಾಗುತ್ತದಂತೆ! ಒಳಗಿನ ಪೀಠೋಪಕರಣ ಸೊಗಸಾಗಿದೆ. ಮಕ್ಕಳಿದ್ದರೆ ಬೇಟೆನಾಯಿಗಳ ಹಿಂಡೇ ಸಾಕು.

ಆಂಜೆ ಊರಿನ ಹತ್ತಿರದ ಬ್ರಿಸಾಕ್ ಬೇರೆಯೇ ಥರ. 1502ರಲ್ಲಿ ಕೊಸ್ಸೆ ಮನೆತನ ಕೊಂಡಿತು. ಏಳು ಅಂತಸ್ತು, 204 ಕೋಣೆ. ಹದಿನಾರನೇ ಶತಮಾನದ ಕ್ಯಾಥೊಲಿಕ್-ಪ್ರೊಟೆಸ್ಟೆಂಟ್ ಯುದ್ಧಗಳಲ್ಲಿ ಹಾಳಾದದ್ದನ್ನು ಶಾರ್ಲ್ ದ ಕೊಸ್ಸೆ ಮತ್ತೆ ಕಟ್ಟಿಸಲು ಹೊರಟ. 1621ರಲ್ಲಿ ಅವನು ತೀರಿಕೊಂಡ, ಕೆಲಸ ಅರ್ಧಕ್ಕೇ ನಿಂತಿತು. ಹಾಗಾಗಿ ಕೆಡವಬೇಕಿದ್ದ ಹಳೇ ಕೋಟೆಯ ಎರಡು ದಪ್ಪ ದುಂಡು ಬುರುಜುಗಳು ಹಾಗೇ ಉಳಿದವು. ಅವುಗಳ ನಡುವೆ ಕೆತ್ತನೆ ತುಂಬಿದ ಹೊಸ ಮುಂಭಾಗ, ಉಸಿರು ಬಿಗಿಹಿಡಿದು ತೂರಿಕೊಂಡಂತಿದೆ. ಒಳಗೆ ಒಂದು ಪುಟ್ಟ ನಾಟಕಶಾಲೆಯೂ ಇದೆ.

ಅಚ್ಚುಕಟ್ಟು ಇಷ್ಟವಾದರೆ ಶೆವರ್ನಿ. ನನ್ನ ವೋಟು ಮಾತ್ರ ಬ್ರಿಸಾಕ್‌ಗೆ. ಎರಡು ಕಾಲದ ಜಗಳ ಒಂದೇ ಗೋಡೆಯಲ್ಲಿ ಕಾಣುತ್ತೆ, ಅಲ್ವಾ?