ಬಿಳಿ ಬೋರ್ಡಿನ ಕ್ಯಾರವಾನ್ ಬಾಡಿಗೆಗೆ ಹಿಡಿಯೋ ಮುಂಚೆ ಇದನ್ನು ಓದಿ

ಹಾಸನ, ಚಿಕ್ಕಮಗಳೂರು ಕಡೆ ಈಗ ಕ್ಯಾರವಾನ್ ಬಾಡಿಗೆಗೆ ಕೊಡ್ತೀವಿ ಅನ್ನೋ ಜಾಹೀರಾತು ಕಾಣಿಸ್ತಿವೆ. ಗಾಡಿಯೊಳಗೇ ಮಂಚ, ಅಡುಗೆಮನೆ, ಶೌಚಾಲಯ. ನೀವೇ ಓಡಿಸಿಕೊಂಡು ಹೋಗಿ, ಬೇಕಾದ ಕಡೆ ಮಲಗಿ ಅಂತಾರೆ. ದಯವಿಟ್ಟು ಗಾಡಿಯ ನಂಬರ್ ಪ್ಲೇಟನ್ನು ಕಣ್ಣಾರೆ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ. ಬಿಳಿ ಬೋರ್ಡ್, ಅಂದರೆ ಸ್ವಂತ ಬಳಕೆಯ ಗಾಡಿಯ ಪ್ಲೇಟ್ ಇದ್ದರೆ, ಅವರು ಏನೇ ಸಮಜಾಯಿಷಿ ಹೇಳಲಿ, ಅಲ್ಲಿಂದಲೇ ವಾಪಸ್ ಬಂದುಬಿಡಿ. ನಮಗಾದದ್ದು ಹೇಳ್ತೀನಿ. ಬರೆಯೋಕೆ ಕೂತರೆ ಈಗಲೂ ಕೈ ನಡುಗುತ್ತೆ, ಅಷ್ಟು ಸಿಟ್ಟಿದೆ.

ನಾವು ಹಾಸನದವರು. ನಮ್ಮ ಮನೆಯವರು ಕೆಇಬಿಯಲ್ಲಿದ್ದು ರಿಟೈರ್ ಆದವರು, ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ಮಗಳು ಅಮೆರಿಕದಲ್ಲಿದ್ದಾಳೆ. ಅವಳ ಜೊತೆ ಯೆಲ್ಲೋಸ್ಟೋನಿಗೆ ಹೋದಾಗ ಅಲ್ಲಿ ನಮ್ಮ ವಯಸ್ಸಿನ ಗಂಡ ಹೆಂಡತಿ ಮನೆಯಂಥ ಗಾಡಿಯಲ್ಲಿ ತಿಂಗಳುಗಟ್ಟಲೆ ಸುತ್ತೋದನ್ನು ನೋಡಿದ್ದೆವು. ಬೆಳಿಗ್ಗೆ ಗಾಡಿ ಮುಂದೆ ಕುರ್ಚಿ ಹಾಕ್ಕೊಂಡು ಕಾಫಿ ಕುಡೀತಾ ಕೂತಿರ್ತಿದ್ದರು. ನಮ್ಮ ಮಲೆನಾಡಿನಲ್ಲಿ ಹೀಗೆ ಒಂದು ಸಲ ಸುತ್ತಬೇಕು ಅಂತ ಇವರಿಗೆ ಆಗಿನಿಂದ ಆಸೆ. ಬೇಲೂರು, ಚಿಕ್ಕಮಗಳೂರು, ಗಿರಿ ಸಾಲು, ಬಾಳೆಹೊನ್ನೂರು, ಕಳಸ, ಕುದುರೆಮುಖ, ಶೃಂಗೇರಿ, ಆಗುಂಬೆ, ಜೋಗ, ಆಮೇಲೆ ಕರಾವಳಿಗೆ ಇಳಿದು ಗೋಕರ್ಣ, ವಾಪಸ್ ಬರುವಾಗ ಚಾರ್ಮಾಡಿ ಹತ್ತಿ ಊರು. ಕಾಗದದ ಮೇಲೆ ಎಲ್ಲ ಬರೆದಿಟ್ಟಿದ್ದರು, ಯಾವ ಊರಿನಲ್ಲಿ ನೀರು ತುಂಬಿಸಿಕೊಳ್ಳಬೇಕು ಅನ್ನೋದು ಸಮೇತ.

ಗಾಡಿ ಕೊಟ್ಟವನು ಇದೇ ಕಡೆಯ ಹುಡುಗ. ಹೆಸರು ಇಲ್ಲಿ ಹಾಕಲ್ಲ, ಕೇಸ್ ನಡೀತಿದೆ. ಫೋನಿನಲ್ಲಿ ಎಷ್ಟು ವಿನಯ ಅಂತೀರಿ! "ಅಮ್ಮ, ನಮ್ಮ ತಂದೆ ತಾಯಿ ಹೋದ ಹಾಗೇ ಅಂದ್ಕೋತೀನಿ. ನೀವು ದಾರಿಯಲ್ಲಿ ಒಂದು ನಟ್ಟೂ ಮುಟ್ಟೋ ಹಾಗಿಲ್ಲ." ತಿಂಗಳ ಲೆಕ್ಕದ ಬಾಡಿಗೆ ಮುಂಗಡವಾಗಿ, ಅದರ ಮೇಲೆ ಐವತ್ತು ಸಾವಿರ ಡೆಪಾಸಿಟ್. ಬೋರ್ಡ್ ಬಿಳಿ ಇದೆಯಲ್ಲಪ್ಪ ಅಂತ ನಮ್ಮ ಮನೆಯವರು ಕೇಳಿಯೇ ಕೇಳಿದರು. "ಅಂಕಲ್, ಪರ್ಮಿಟ್ ಆಗಿಬಿಟ್ಟಿದೆ, ಹೊಸ ಪ್ಲೇಟ್ ಬರೋದೊಂದು ಬಾಕಿ" ಅಂತ ಹೇಳಿ ಪರ್ಮಿಟ್ಟಿನ ಫೋಟೊ ವಾಟ್ಸಾಪ್‌ಗೆ ಹಾಕಿದ. ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಕಾಗದ ಎಡಗೈಯಲ್ಲಿ ಹಿಡಿದು ತೆಗೆದದ್ದು. ಗಾಡಿ ನಂಬರಿನ ಕೊನೆಯ ಅಂಕೆಗಳ ಮೇಲೆ ಸರಿಯಾಗಿ ಅವನ ಹೆಬ್ಬೆರಳು ಕೂತಿದೆ. ಅದು ಬೇರೆ ಗಾಡಿಯ ಪರ್ಮಿಟ್ ಅಂತ ಗೊತ್ತಾಗಿದ್ದು ಬಾಳೆಹೊನ್ನೂರು ರಸ್ತೆಯಲ್ಲಿ, ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಂತಾಗ. ಅದಕ್ಕೆ ಆಮೇಲೆ ಬರ್ತೀನಿ.

ಹೊರಟ ದಿನ ಬೀದಿಯವರೆಲ್ಲ ಬಂದಿದ್ದರು. ಪಕ್ಕದ ಮನೆಯವರು ಗಾಡಿಗೆ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು.

ಮೊದಲ ಮೋಸ ಗೊತ್ತಾಗಿದ್ದು ಕೈಮರದ ಚೆಕ್‌ಪೋಸ್ಟಿನಲ್ಲಿ. "ಮುಳ್ಳಯ್ಯನಗಿರಿ ಬುಡದಲ್ಲೇ ಗಾಡಿ ಹಾಕಿ ಮಲಗಿ, ಬಾಗಿಲು ತೆಗೆದರೆ ಸೂರ್ಯೋದಯ" ಅಂದಿದ್ದ. 1,930 ಮೀಟರ್ ಎತ್ತರದ ಬೆಟ್ಟ, ರಾಜ್ಯದಲ್ಲೇ ದೊಡ್ಡದು. ಮೇಲೆ ಹೋಗ್ತಾ ಹೋಗ್ತಾ ದಾರಿ ಎಷ್ಟು ಕಿರಿದು, ತಿರುವು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಇಷ್ಟು ಉದ್ದದ ಗಾಡಿ ಮೇಲೆ ಬಿಡಲ್ಲ, ರಾತ್ರಿ ಉಳಿಯೋಕಂತೂ ಇಲ್ಲವೇ ಇಲ್ಲ ಅಂದರು. ಫೋನ್ ಮಾಡಿದರೆ ಅವನ ಉತ್ತರ: "ಹೌದಾ ಅಮ್ಮ? ಮೊನ್ನೆ ಬಿಟ್ಟಿದ್ರು. ಸ್ವಲ್ಪ ರಿಕ್ವೆಸ್ಟ್ ಮಾಡಿ ನೋಡಿ." ಕುದುರೆಮುಖದ ಕಾಡಿನೊಳಗೆ ಹಳ್ಳದ ಪಕ್ಕ ಗಾಡಿ ನಿಂತಿರೋ ಚಿತ್ರವನ್ನೂ ಜಾಹೀರಾತಿಗೆ ಹಾಕಿದ್ದಾನೆ. ಅದು ರಾಷ್ಟ್ರೀಯ ಉದ್ಯಾನ. ಗೇಟಿನಿಂದ ಗೇಟಿಗೆ ಹೊತ್ತು ಬರೆದು ಬಿಡ್ತಾರೆ, ನಡುವೆ ನಿಲ್ಲಿಸೋ ಹಾಗಿಲ್ಲ. ಅಮೆರಿಕದಲ್ಲಿ ಇಂಥ ಗಾಡಿಗಳಿಗೆ ಅಂತಲೇ ಜಾಗ ಇರ್ತವೆ. ಕರೆಂಟ್ ಪಾಯಿಂಟ್, ನೀರಿನ ನಲ್ಲಿ, ಶೌಚದ ಟ್ಯಾಂಕ್ ಖಾಲಿ ಮಾಡೋಕೆ ಪ್ರತ್ಯೇಕ ಗುಂಡಿ, ಎಲ್ಲ ಇರುತ್ತೆ. ನಾವು ಹೋದ ದಾರಿಯಲ್ಲಿ ಎಲ್ಲೂ ಅಂಥದ್ದು ಕಾಣಲಿಲ್ಲ. ಅದನ್ನು ಮುಚ್ಚಿಟ್ಟು ಬೇಕಾದ ಕಡೆ ಮಲಗಿ ಅಂತ ದುಡ್ಡು ಇಸ್ಕೊಳ್ಳೋದು ಯಾವ ನ್ಯಾಯ?

ಸರಿ, ಆಲ್ದೂರು ಹತ್ತಿರ ಇವರ ಸೋದರತ್ತೆ ಮಗನ ತೋಟ ಇದೆ, ಅಲ್ಲಿಗೆ ಹೋದೆವು. ಕಾಫಿ ಕೊಯ್ಲಿನ ಸಮಯ. ಗಾಡಿ ನಿಲ್ಲೋಕೆ ಸಮತಟ್ಟಾದ ಜಾಗ ಅಂದರೆ ಕಣದ ಅಂಚು ಒಂದೇ. ಮಧ್ಯಾಹ್ನವೇ ಒಳಗಿನ ಎಸಿ ಆಫ್ ಆಯ್ತು, ಫ್ಯಾನೂ ನಿಂತಿತು. ಲಿಥಿಯಂ ಬ್ಯಾಟರಿ, ರಾತ್ರಿಯೆಲ್ಲ ಎಸಿ ಓಡುತ್ತೆ ಅಂದಿದ್ದ. ಇವರು ಹಾಸಿಗೆ ಎತ್ತಿ, ಪ್ಲೈವುಡ್ ಹಲಗೆ ತೆಗೆದು ಟಾರ್ಚ್ ಬಿಟ್ಟರು. ಒಳಗೆ ಕೂತಿತ್ತು ಮನೆ ಯುಪಿಎಸ್‌ಗೆ ಇಡೋ ನೀರು ಹಾಕೋ ಬ್ಯಾಟರಿ, 150 ಆಂಪಿಯರ್ ಅವರ್‌ದು, ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿಕೊಂಡಿತ್ತು. ಇವರು ಅಲ್ಲೇ ಲೆಕ್ಕ ಹೇಳಿದರು. 12 ವೋಲ್ಟಿಗೆ 150 ಅಂದರೆ 1,800 ವ್ಯಾಟ್ ಅವರ್, ಬ್ಯಾಟರಿ ಹಾಳಾಗದ ಹಾಗೆ ತೆಗೆಯೋದಾದರೆ ಅದರಲ್ಲಿ ಅರ್ಧ. ಸಾವಿರ ವ್ಯಾಟ್ ಎಳೆಯೋ ಎಸಿ ಅದರಲ್ಲಿ ಒಂದು ಗಂಟೆಯೂ ಓಡಲ್ಲ.

ಎಸಿ ಹಾಳಾಗಿ ಹೋಗಲಿ. ನನಗೆ ಮೈ ಜುಂ ಅಂದಿದ್ದು ಆಮೇಲೆ. ಆ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ, ಅದಕ್ಕೆ ಗಾಳಿ ಬೇಕು. ನಾವು ಮಲಗೋ ಹಾಸಿಗೆ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಅದು. ಅದರ ಪಕ್ಕದ ಗೂಡಿನಲ್ಲಿ ಮನೆಬಳಕೆಯ 14.2 ಕೆಜಿ ಸಿಲಿಂಡರ್! ಗ್ಯಾಸ್ ಪೈಪಿನ ಮೇಲೆ ಅಚ್ಚು ಹಾಕಿದ ಅವಧಿ ಮುಗಿದು ಹೋಗಿತ್ತು. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತೆ, ಅದಕ್ಕೇ ಗೂಡಿನ ತಳದಲ್ಲಿ ಹೊರಗೆ ಹೋಗೋ ತೂತು ಇರಬೇಕು. ತೂತು ಇತ್ತು. ಧೂಳು ಬರುತ್ತೆ ಅಂತ ಅದಕ್ಕೆ ಸ್ಪಂಜು ತುರುಕಿ ಗಮ್ ಟೇಪ್ ಹೊಡೆದಿದ್ದರು. ಹಿಂದಿನ ರಾತ್ರಿ ಕಿಟಕಿ ಮುಚ್ಚಿ ಅದರ ಮೇಲೇ ಮಲಗಿದ್ದೆವು ನಾವು.

ಇಷ್ಟರಲ್ಲಿ ಹೊರಗಿನಿಂದ ಆಳುಗಳ ಕೂಗು. ಶೌಚಕ್ಕೆ ಬೇರೆ ಟ್ಯಾಂಕ್, ಪಾತ್ರೆ ನೀರಿಗೆ ಬೇರೆ ಟ್ಯಾಂಕ್, ತುಂಬಿದಾಗ ಹೊರಗೆಳೆದು ಖಾಲಿ ಮಾಡೋದು ಅಂತ ತೋರಿಸಿ ಕೊಟ್ಟಿದ್ದ. ಶೌಚದ್ದು ಒಂದು ಪ್ಲಾಸ್ಟಿಕ್ ಡ್ರಮ್, ಅದರ ಮುಚ್ಚಳ ಕೂರ್ತಾ ಇರಲಿಲ್ಲ. ಪಾತ್ರೆ ತೊಳೆದ ನೀರಿನ ಪೈಪ್ ಟ್ಯಾಂಕಿಗೆ ಹೋಗದೆ ನೇರ ಗಾಡಿ ಕೆಳಗೆ ಬಿಟ್ಟುಬಿಟ್ಟಿದ್ದ. ಎರಡೂ ಸೇರಿ ಕಣದ ಇಳಿಜಾರು ಹಿಡಿದು ಹರವಿದ್ದ ಕಾಫಿ ಕಡೆ ಹರೀತಿತ್ತು. ಆಳುಗಳು ಓಡಿ ಬಂದು ಹಲಗೆಯಲ್ಲಿ ಕಾಫಿ ಎಳೆದು ಆಚೆ ಹಾಕಿದರು. ಅಂಚಿನ ಒಂದು ಪಟ್ಟಿ ನೆನೆದೇ ಹೋಯ್ತು. ತೋಟದ ಮನೆಯಾಕೆ "ಪರವಾಗಿಲ್ಲ ಬಿಡಿ ಅಕ್ಕ, ತೊಳೆದರೆ ಹೋಗುತ್ತೆ" ಅಂದಳು. ಅಂದಳು, ಆದರೆ ಮುಖ ನೋಡೋಕೆ ನನಗೆ ಆಗಲಿಲ್ಲ. ವರ್ಷದ ಬೆಳೆ ಅದು. ನೆಂಟರ ಮನೆ ಕಣಕ್ಕೆ ಹೋಗಿ ಗಲೀಜು ಮಾಡಿ ಬಂದ ಹಾಗಾಯ್ತಲ್ಲ. ಆ ನಾಚಿಕೆಗೆ ಯಾವ ಕೋರ್ಟು ಪರಿಹಾರ ಕೊಡುತ್ತೆ?

ಫೋಟೊಗಳನ್ನೆಲ್ಲ ಅವನಿಗೆ ಕಳಿಸಿದೆ. ಬಂದ ಉತ್ತರ ಅವನು ಬರೆದ ಹಾಗೇ ಕೊಡ್ತೀನಿ: "ಮೇಡಂ ಹಾಸಿಗೆ ಎತ್ತಿ ನೋಡಿ ಅಂತ ನಿಮಗೆ ಯಾರು ಹೇಳಿದ್ದು? ಸೀಲ್ ಓಪನ್ ಮಾಡಿದ್ರೆ ಡೆಪಾಸಿಟ್ ಕಟ್ ಆಗುತ್ತೆ." ಸಿಲಿಂಡರ್ ವಿಷಯ ಕೇಳಿದರೆ "ಇದುವರೆಗೆ ಯಾರಿಗೂ ಏನೂ ಆಗಿಲ್ಲ" ಅಂತ.

ಮಾರನೆ ದಿನ ಬಾಳೆಹೊನ್ನೂರು ರಸ್ತೆಯಲ್ಲಿ ಆರ್‌ಟಿಒ ಕಚೇರಿಯ ಬ್ರೇಕ್ ಇನ್ಸ್‌ಪೆಕ್ಟರ್ ಕೈ ಅಡ್ಡ ಹಾಕಿದರು. ಮರ್ಯಾದಸ್ಥರು, ಒಂದು ಮಾತು ಜೋರಾಗಿ ಆಡಲಿಲ್ಲ. ಆರ್‌ಸಿ ನೋಡಿದರು, ಒಳಗೆ ಇಣುಕಿದರು. "ಆರ್‌ಸಿಯಲ್ಲಿ ಹನ್ನೆರಡು ಸೀಟಿನ ಖಾಸಗಿ ವ್ಯಾನ್ ಅಂತಿದೆ. ಸೀಟ್ ಎಲ್ಲಿ ಸರ್?" ಅಂದರು. ಗಾಡಿಯ ಒಳಗನ್ನು ಹೀಗೆ ಬದಲಾಯಿಸಿದರೆ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಸೇರಿಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಬಾರದು, 66ನೇ ಕಲಂ. ಇವರು ಧೈರ್ಯವಾಗಿ ವಾಟ್ಸಾಪ್ ಫೋಟೊ ತೋರಿಸಿದರು. ಇನ್ಸ್‌ಪೆಕ್ಟರ್ ಅದನ್ನು ದೊಡ್ಡದು ಮಾಡಿ ನೋಡಿ, ಹೆಬ್ಬೆರಳಿನ ಪಕ್ಕ ಕಾಣೋ ಅಂಕೆ ತೋರಿಸಿ, "ಇದು ಈ ಗಾಡೀದಲ್ಲ ಸರ್. ಸೀರೀಸೇ ಬೇರೆ" ಅಂದರು. ನಮ್ಮ ಮನೆಯವರು ಏನೂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ಫೋಟೊ ನೋಡಿದರು. ಸರ್ವಿಸಿನಲ್ಲಿ ಒಂದು ಮೆಮೊ ತಗೊಂಡವರಲ್ಲ ಅವರು. ಬಸ್ಸಿನವರು, ಬೈಕಿನವರು ನಿಧಾನ ಮಾಡಿ ನೋಡ್ಕೊಂಡು ಹೋಗ್ತಿದ್ದರು.

ನಾನೇ ಅವನಿಗೆ ಫೋನ್ ಮಾಡಿದೆ. ಏನಂದ ಗೊತ್ತಾ? "ಮೇಡಂ, ಬಾಡಿಗೆ ಅಂತ ಯಾಕೆ ಹೇಳಿದ್ರಿ? ಫ್ರೆಂಡ್ ಗಾಡಿ ಅಂತ ಹೇಳಿ." ಸುಳ್ಳು ಹೇಳಿ ಅಂತ ನನಗೆ ಹೇಳಿಕೊಡ್ತಾನೆ! ಮತ್ತೆ, "ಅಗ್ರಿಮೆಂಟಲ್ಲಿ ಹಾಗೇ ಇದೆ ನೋಡಿ." ನೋಡಿದೆವು. ಮೊದಲು ವಾಟ್ಸಾಪ್‌ನಲ್ಲಿ ಕಳಿಸಿದ ಕರಡಿನಲ್ಲಿ ಬಾಡಿಗೆ ಎಷ್ಟು, ಡೆಪಾಸಿಟ್ ಎಷ್ಟು ಅಂತ ಸ್ಪಷ್ಟವಾಗಿ ಬರೆದಿತ್ತು. ಗಾಡಿಯ ಕಾಗದಪತ್ರದ ಜೊತೆ ಇಟ್ಟ ಪ್ರತಿಯಲ್ಲಿ ಆ ಹಾಳೆಯನ್ನೇ ಬದಲಾಯಿಸಿದ್ದಾನೆ: "ಸ್ನೇಹಪೂರ್ವಕವಾಗಿ ಕೊಟ್ಟಿರುತ್ತೇನೆ, ಯಾವುದೇ ಪ್ರತಿಫಲ ಪಡೆದಿರುವುದಿಲ್ಲ." ಆ ಹಾಳೆಯಲ್ಲಿ ನಮ್ಮ ಸಹಿಯೇ ಇಲ್ಲ.

ಕೇಸ್ ಬರೆದು ಗಾಡಿ ಹಿಡಿದಿಟ್ಟುಕೊಂಡರು. ಕುಕ್ಕರು, ದಿಂಬು, ಅಕ್ಕಿ ಹಿಟ್ಟಿನ ಡಬ್ಬ ಎಲ್ಲ ರಸ್ತೆ ಪಕ್ಕ ಇಳಿಸಿ, ಬಸ್ಸು ಹತ್ತಿ ಹಾಸನಕ್ಕೆ ಬಂದೆವು. ಆರತಿ ಎತ್ತಿದವರು ಗೇಟಿನಲ್ಲೇ ನಿಂತಿದ್ದರು.

ಮನೆಗೆ ಬಂದು ಇನ್ಶೂರೆನ್ಸ್ ಕಾಗದದ ಫೋಟೊ ತೆಗೆದು ಸಾಲು ಸಾಲಾಗಿ ಓದಿದೆವು. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಒಂದು ಷರತ್ತು ಇರುತ್ತೆ, ಗಾಡಿಯನ್ನು ಬಾಡಿಗೆಗೆ, ಪ್ರತಿಫಲಕ್ಕೆ ಬಳಸಿದರೆ ರಕ್ಷಣೆ ಇಲ್ಲ ಅಂತ. ಚಾರ್ಮಾಡಿ ತಿರುವಿನಲ್ಲಿ ಏನಾದರೂ ಆಗಿದ್ದರೆ? ಎದುರಿಗೆ ಬಂದ ಬೈಕಿನವನಿಗೆ ಪೆಟ್ಟಾಗಿದ್ದರೆ? ಓಡಿಸ್ತಿದ್ದವರು ನಮ್ಮ ಮನೆಯವರು, ಆ ಪರಿಹಾರದ ಭಾರ ಇವರ ಮೇಲೂ ಬಂದು ಕೂರಬಹುದಿತ್ತು. ದುಡ್ಡು ಹೋಗಿದ್ದಕ್ಕಿಂತ ಇದು ನನಗೆ ನಿದ್ದೆ ಕೆಡಿಸ್ತಿದೆ.

ಡೆಪಾಸಿಟ್ ವಾಪಸ್ ಕೇಳಿದರೆ ದಿನಕ್ಕೊಂದು ರಾಗ. ಕ್ಲೀನಿಂಗ್ ಚಾರ್ಜ್ ಅಂದ. ಬ್ಯಾಟರಿ ನೀವೇ ಡೌನ್ ಮಾಡಿದ್ದು ಅಂದ. ಗಾಡಿ ಬಿಡಿಸಿಕೊಳ್ಳೋಕೆ ಕಟ್ಟಿದ ದಂಡವೂ ನಮ್ಮದೇ ಅಂತೆ! ಕೊನೆಗೆ "ನೀವು ಗವರ್ಮೆಂಟ್ ಪೆನ್ಶನ್‌ನವರು ಮೇಡಂ, ಇಷ್ಟಕ್ಕೆಲ್ಲ ಹೀಗೆ ಮಾಡ್ತೀರಾ?" ಅಂತ ಒಂದು ಮೆಸೇಜು, ಆಮೇಲೆ ಬ್ಲಾಕ್. ನಾವು 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆವು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹಾಕಿದ್ದೀವಿ. 2019ರ ಕಾಯ್ದೆಯ ಪ್ರಕಾರ ನಾವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಪ್ರತಿಫಲ ಪಡೆದಿಲ್ಲ ಅಂತ ಹಾಳೆ ಬರೆದಿದ್ದಾನಲ್ಲ, ಯುಪಿಐನಲ್ಲಿ ದುಡ್ಡು ಹೋದ ದಾಖಲೆ, ಅವನ ಕರಡು, ಒಂದೊಂದು ಮೆಸೇಜು ನಮ್ಮ ಹತ್ತಿರ ಇದೆ.

ಯಾರಾದರೂ ಇಂಥ ಪ್ರವಾಸಕ್ಕೆ ಹೊರಟಿದ್ದರೆ, ಹೋಗಿ, ಬೇಡ ಅನ್ನಲ್ಲ. ಸ್ವಂತ ಕ್ಯಾರವಾನ್ ಬಿಳಿ ಬೋರ್ಡಿನಲ್ಲಿ ಇಟ್ಟುಕೊಂಡವರದ್ದು ತಪ್ಪಲ್ಲ, ಅದನ್ನು ಬಾಡಿಗೆಗೆ ಬಿಡೋದು ತಪ್ಪು. ನೀವೇ ಓಡಿಸೋ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಇರಬೇಕು. ಡ್ರೈವರ್ ಸಮೇತ ಕೊಟ್ಟರೆ ಹಳದಿ ಪ್ಲೇಟ್. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ, ಫೋಟೊ ನಂಬಬೇಡಿ, ಮೂಲ ಪರ್ಮಿಟ್ ಕೈಗೆ ಕೊಡು ಅನ್ನಿ. ಗ್ಯಾಸ್ ಗೂಡು ತೆಗೆಸಿ ನೋಡಿ. ಹಾಸಿಗೆ ಎತ್ತಿಸಿ ನೋಡಿ, ಸೀಲು ಗೀಲು ಅಂದರೆ ಮಾತಾಡದೆ ಎದ್ದು ಬನ್ನಿ.

ಆ ಗಾಡಿ ಈಗ ಬಿಡಿಸಿಕೊಂಡು ಮತ್ತೆ ಓಡಿಸ್ತಿದ್ದಾನೆ ಅಂತ ಆಲ್ದೂರಿನಿಂದ ಫೋನ್ ಬಂತು. ಬದಿಯಲ್ಲಿದ್ದ ಹಸಿರು ಬೆಟ್ಟದ ಸ್ಟಿಕ್ಕರ್ ಕಿತ್ತು ಆನೆ ಚಿತ್ರ ಹಾಕಿದ್ದಾನಂತೆ. ಪಕ್ಕದ ಬಾಗಿಲಿನ ಒಳಗೆ, ಕೈ ಹಿಡಿಯೋ ಸರಳಿನ ಕೆಳಗೆ, ಹನ್ನೆರಡು ಸೀಟಿನ ಬೋಲ್ಟ್ ಬಿಚ್ಚಿದ ತೂತುಗಳನ್ನು ಕಂದು ರೆಕ್ಸಿನ್ ಹಾಸಿ ಮುಚ್ಚಿದ್ದಾನೆ. ಕಾಲಿನಲ್ಲಿ ಒತ್ತಿದರೆ ಗೊತ್ತಾಗುತ್ತೆ.